ಅಂಬ್ಲರ್ ಮನೆಯ ಪವಿತ್ರ ಚಳಿ

ವಿಲ್ಫ್ರೆಡ್ ಅಂಬ್ಲರ್ ಸಂತನಾಗಬೇಕೆಂದು ಯಾವತ್ತೂ ಅಂದುಕೊಂಡವನಲ್ಲ. ಯಾರ್ಕ್‌ಶೈರಿನ ಕ್ರಾಗ್‌ಬಿ ಊರಿನ ಚರ್ಚಿನಲ್ಲಿ ಅವನಿಗೆ ಒಪ್ಪಿಸಿದ್ದ ಕೆಲಸವೆಂದರೆ ಭಾನುವಾರ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಹಂಚುವುದು, ಪ್ರಾರ್ಥನೆ ಮುಗಿದ ಮೇಲೆ ಅವನ್ನೆಲ್ಲ ವಾಪಸು ಜೋಡಿಸುವುದು. ಕಾರ್ಪೆಟ್ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಕಾಲದಿಂದಲೂ ಅದನ್ನು ಮಾಡಿಕೊಂಡು ಬಂದಿದ್ದ. ಗಿರಣಿ ಮುಚ್ಚಿತು, ಅವನ ಪಿಂಚಣಿಯಲ್ಲಿ ದೊಡ್ಡ ಪಾಲು ಗಿರಣಿಯ ಜೊತೆಗೇ ಮುಚ್ಚಿಹೋಯಿತು, ಪುಸ್ತಕ ಹಂಚುವುದು ಮಾತ್ರ ನಿಲ್ಲಲಿಲ್ಲ. ಪುಸ್ತಕ ತೆಗೆದುಕೊಂಡವರು ‘ಥ್ಯಾಂಕ್ಸ್’ ಅನ್ನುತ್ತಿದ್ದರು. ಅವನ ಮುಖ ನೋಡಿ ಅನ್ನುತ್ತಿದ್ದರು ಎಂದು ಬರೆದರೆ ಉತ್ಪ್ರೇಕ್ಷೆಯಾದೀತು.

ಇಂಥವನು ಸಂತನಾದದ್ದು ಬಾಯ್ಲರಿನ ದೆಸೆಯಿಂದ.

ನವೆಂಬರಿನ ಒಂದು ಬೆಳಿಗ್ಗೆ ಅವನ ಮನೆಯನ್ನು ಬೆಚ್ಚಗಿಡುತ್ತಿದ್ದ ಬಾಯ್ಲರು ಗೊರಗೊರ ಅಂದು, ಒಮ್ಮೆ ಜೋರಾಗಿ ಕೆಮ್ಮಿ, ಸುಮ್ಮನಾಯಿತು. ಮಧ್ಯಾಹ್ನದ ಹೊತ್ತಿಗೆ, ಅದರ ಬಿಸಿನೀರಿನಿಂದ ಕಾಯುವ ಕೋಣೆ ಕೋಣೆಯ ರೇಡಿಯೇಟರುಗಳೆಲ್ಲ ಹೆಣದಂತೆ ತಣ್ಣಗಾದವು. ನೋಡಲು ಬಂದ ರಿಪೇರಿಯವನು ಮುಚ್ಚಳ ಬಿಚ್ಚಿದವನೇ ತಲೆಯ ಟೋಪಿ ತೆಗೆದು ಸ್ವಲ್ಪ ಹೊತ್ತು ಮೌನವಾಗಿ ನಿಂತ. ಆಮೇಲೆ, ಹೊಸದೇ ಹಾಕಿಸಬೇಕು ಎಂದು ಬೆಲೆ ಹೇಳಿದ. ವಿಲ್ಫ್ ‘ಇನ್ನೊಂದ್ಸಲ ಹೇಳಿ’ ಎಂದ. ಇನ್ನೊಂದು ಸಲ ಹೇಳಿದಾಗಲೂ ಅದು ಅಷ್ಟೇ ಇತ್ತು.

“ಸರ್ಕಾರದೋರು ಇದಕ್ಕೆ ಸಹಾಯ ಮಾಡ್ತಾರಂತೆ, ಕೇಳು,” ಎಂದಳು ಹೆಂಡತಿ ಡೋರೀನ್.

“ಅದು ಬಡವರಿಗೆ.”

“ನಾವು ಮತ್ತೇನು?”

“ನಮಗೆ ಸದ್ಯಕ್ಕೆ ಕೈ ಸ್ವಲ್ಪ ಬಿಗಿ. ಅಷ್ಟೆ.”

“ಹಾಗಾದ್ರೆ ನನ್ನ ತಮ್ಮನ್ನ ಕರೀತೀನಿ. ಪ್ಲಂಬರು ಅಂತ ಒಬ್ಬ ನೆಂಟ ಇರೋದು ಯಾತಕ್ಕೆ? ಕೆನ್ ದಿನಾ ಯಾರದೋ ಬಾಯ್ಲರು ಬಿಚ್ಚಿ ಗುಜರಿಗೆ ಹಾಕ್ತಿರ್ತಾನೆ.”

“ಕೆನ್‌ಗೆ ಮಾತ್ರ ಹೇಳ್ಬೇಡ. ನಾನು ಸತ್ತ ಮೇಲೂ ಆಡ್ಕೋತಾನೆ.”

ಡೋರೀನ್ ಹೋಗಿ ಕೋಟು ಹಾಕಿಕೊಂಡು ಬಂದಳು. ಅಂದಿನಿಂದ ಆಲೂಗಡ್ಡೆ ಸುಲಿಯುವುದೂ ಕೋಟಿನಲ್ಲೇ, ಟಿ.ವಿ. ನೋಡುವುದೂ ಕೋಟಿನಲ್ಲೇ.

ಅದೇ ವಾರ ಪಾದ್ರಿಯಮ್ಮ ಮನೆಗೆ ಬಂದರು. ರೆವರೆಂಡ್ ಹಿಲರಿ ಟೆನಾಂಟ್ ಆ ಚರ್ಚಿಗೆ ಹೊಸದಾಗಿ ಬಂದ ಪಾದ್ರಿ, ಉತ್ಸಾಹಿ, ಮಾತಾಡುವಾಗ ಎದುರಿಗಿದ್ದವರ ಮೊಣಕೈ ಹಿಡಿದುಕೊಳ್ಳುವವರು. ಅವರು ಬಂದ ಮೇಲೆ ಚರ್ಚು ‘ಹಸಿರು ದೀಪ’ ಎಂಬ ಪ್ರಶಸ್ತಿಯ ಬೆನ್ನು ಹತ್ತಿತ್ತು. ಭೂಮಿಗೆ ಭಾರವಾಗದಂತೆ ಬದುಕುವ ಚರ್ಚುಗಳಿಗೆ ಮೇಲಿನವರು ಕೊಡುವ ಬಿರುದು ಅದು. ಕಂಚು ಬಂದಿತ್ತು, ಬೆಳ್ಳಿಯೂ ಬಂದಿತ್ತು. ಚಿನ್ನಕ್ಕೆ, ಚರ್ಚಿಗೆ ಬರುವವರಲ್ಲಿ ಒಬ್ಬರದಾದರೂ ‘ಮಾದರಿ ಮನೆ’ ಇರಬೇಕು ಎಂಬ ನಿಯಮ ಅಡ್ಡ ಬಂದಿತ್ತು.

ಪಾದ್ರಿಯಮ್ಮ ಕುರ್ಚಿಯಲ್ಲಿ ಕೂತು ‘ಹೇಗಿದ್ದೀರಿ’ ಎಂದಾಗ ಆ ಮಾತು ಬಾಯಿಂದ ಹೊಗೆಯಾಗಿ ಹೊರಬಂತು. ಅದು ತೇಲಿ ಕರಗುವವರೆಗೆ ಇಬ್ಬರೂ ನೋಡಿದರು.

“ವಿಲ್ಫ್, ಮನೆ... ಸ್ವಲ್ಪ ತಂಪಾಗಿದೆ ಅಲ್ವಾ?”

“ಹೀಟಿಂಗ್ ನಿಂತಿದೆ,” ಎಂದ ವಿಲ್ಫ್. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಾದ್ರಿಯಮ್ಮನ ಹುಬ್ಬು ‘ಪಾಪ’ ಎಂಬ ಆಕಾರಕ್ಕೆ ಬರುತ್ತಿರುವುದನ್ನು ಅವನು ಕಂಡ. ಹುಬ್ಬು ಪೂರ್ತಿ ಏರುವ ಮೊದಲೇ “ಅಂದ್ರೆ, ನಾವೇ ನಿಲ್ಲಿಸಿದ್ದೀವಿ,” ಎಂದ. ಯಾಕೆ ಎಂದು ಹೇಳಲು ಒಂದು ಕಾರಣ ಬೇಕಾಯಿತು. ಕಿಟಕಿಯ ಆಚೆ ನೋಡಿದ. ಅಲ್ಲಿ ಭೂಮಿ ಇತ್ತು. “ಭೂಮಿಗೋಸ್ಕರ,” ಎಂದ.

ಅಡುಗೆಮನೆಯಲ್ಲಿ ಒಂದು ಬಟ್ಟಲು ಒಡೆದ ಸದ್ದಾಯಿತು.

ಪಾದ್ರಿಯಮ್ಮ ಎದ್ದು ಬಂದು ಅವನ ಎರಡೂ ಮೊಣಕೈ ಹಿಡಿದುಕೊಂಡರು. “ನಾನು ಊರೆಲ್ಲ ಹುಡುಕ್ತಾ ಇದ್ದೆ, ವಿಲ್ಫ್. ನೀವು ಇಲ್ಲೇ ಇದ್ರಿ.”

ಭಾನುವಾರ ಚರ್ಚಿನಲ್ಲಿ ಪಾದ್ರಿಯಮ್ಮನ ಪ್ರವಚನ ಪೂರ್ತಿ ಅಂಬ್ಲರ್ ಮನೆಯ ಚಳಿಯ ಮೇಲೆ ನಡೆಯಿತು. ಪ್ರಭು ಹುಟ್ಟಿದ ಕೊಟ್ಟಿಗೆಯಲ್ಲಿಯೂ ರೇಡಿಯೇಟರು ಇರಲಿಲ್ಲ ಎಂದು ಪಾದ್ರಿಯಮ್ಮ ನೆನಪಿಸಿದರು. ಯಾರಿಗೂ ಅದು ಈ ದೃಷ್ಟಿಯಿಂದ ಹೊಳೆದಿರಲಿಲ್ಲ. ಎಲ್ಲರೂ ಹಿಂದಕ್ಕೆ ತಿರುಗಿ, ಪುಸ್ತಕದ ಮೇಜಿನ ಹತ್ತಿರ ಕೂತಿದ್ದ ವಿಲ್ಫ್‌ನನ್ನು ನೋಡಿದರು. ಪಕ್ಕದಲ್ಲಿ ಕೂತ ಡೋರೀನ್ ಚರ್ಚಿನ ಬೆಚ್ಚನೆಯ ಗಾಳಿಗೆ ಕಣ್ಣು ಮುಚ್ಚಿದ್ದಳು; ಧ್ಯಾನವೆಂದು ತಿಳಿದರು.

ಪ್ರಾರ್ಥನೆ ಮುಗಿದ ಮೇಲೆ ಹಿಂಭಾಗದಲ್ಲಿ ಬೆರಿಲ್ ಸಟ್‌ಕ್ಲಿಫ್‌ಳ ಮೇಜು. ಬೆಳೆದವನಿಗೆ ಮೋಸವಾಗದ ಬೆಲೆ ಕೊಟ್ಟು ತರಿಸಿದ ಕಾಫಿ, ಚಾಕೊಲೇಟು, ಸಕ್ಕರೆ, ಬಾಳೆಹಣ್ಣು ಇಲ್ಲಿ ಸಿಗುತ್ತಿದ್ದವು. ಊರಿನ ಹಸಿರು ಬದುಕಿಗೆ ಇಲ್ಲಿಯವರೆಗೆ ಬೆರಿಲ್ ಒಬ್ಬಳೇ ಒಡತಿ. ಛಾವಣಿಯ ಮೇಲೆ ಸೂರ್ಯನ ಫಲಕ, ಬಾಗಿಲಲ್ಲಿ ಕರೆಂಟಿನ ಕಾರು. ಮಾದರಿ ಮನೆಯ ಪಟ್ಟ ಅವಳಿಗೇ ಬರಬೇಕಿತ್ತು. ಪ್ರತಿ ಚಳಿಗಾಲ ಗ್ವಾಟೆಮಾಲಾಕ್ಕೆ ವಿಮಾನದಲ್ಲಿ ಹೋಗಿ ಕಾಫಿ ಬೆಳೆಯುವ ಹೆಂಗಸರನ್ನು ಖುದ್ದಾಗಿ ಅಪ್ಪಿಕೊಂಡು ಬರುವ ಪದ್ಧತಿಯಿಂದಾಗಿ ಅದು ತಪ್ಪಿಹೋಗಿತ್ತು. ವಿಮಾನದ ಹೊಗೆಯ ಲೆಕ್ಕದಲ್ಲಿ ಅಪ್ಪುಗೆಗೆ ರಿಯಾಯಿತಿ ಇರಲಿಲ್ಲ.

“ಹೀಟಿಂಗ್ ನಿಲ್ಸಿದ್ದು ಒಳ್ಳೇದೇ,” ಎಂದಳು ಬೆರಿಲ್. “ಆದ್ರೆ ಭೂಮಿ ಅಂದ್ರೆ ಬರೀ ಗಾಳಿ ಅಲ್ಲ, ಜನಾನೂ ಸೇರ್ತಾರೆ. ಮನೇಲಿ ಯಾವ ಕಾಫಿ ಕುಡೀತೀರಿ, ವಿಲ್ಫ್?”

ಮನೆಯಲ್ಲಿದ್ದದ್ದು ಸೂಪರ್‌ಮಾರ್ಕೆಟ್ಟಿನ ಅತಿ ಕೆಳಗಿನ ಸಾಲಿನ ಡಬ್ಬ. ಸುತ್ತ ನಿಂತವರೆಲ್ಲ ಉತ್ತರಕ್ಕೆ ಕಾಯುತ್ತಿದ್ದರು.

“ನಿಮ್ಮದೇ,” ಎಂದ ವಿಲ್ಫ್.

“ನನ್ನ ಹತ್ರ ತಗೊಂಡಿದ್ದು ನೆನಪಿಲ್ವಲ್ಲ.”

“ಈಗ ತಗೋತೀನಿ.”

ಕಾಫಿ ತೆಗೆದುಕೊಂಡ. ಕಾಫಿಗೆ ಸಕ್ಕರೆ, ಸಕ್ಕರೆಯ ಜೊತೆಗೆ ಚಾಕೊಲೇಟು. ಬೆರಿಲ್ ಬೆಲೆ ಹೇಳಿದಳು. ಇನ್ನೊಂದು ಸಲ ಹೇಳಿ ಎನ್ನೋಣವೆಂದರೆ ಹಿಂದೆ ಸಾಲು ನಿಂತಿತ್ತು.

ಅಲ್ಲಿಂದ ಮುಂದೆ ಅಂಬ್ಲರ್ ಮನೆಯಲ್ಲಿ ಏನೇನು ಇಲ್ಲವಾಯಿತೋ ಅದೆಲ್ಲ ಚರ್ಚಿನಲ್ಲಿ ಪುಣ್ಯವಾಗತೊಡಗಿತು. ಬೆರಿಲ್‌ಳ ಕಾಫಿಯ ಖರ್ಚು ಹೊಂದಿಸಲು ಮಾಂಸ ತರುವುದು ನಿಂತಾಗ, ಅಂಬ್ಲರ್ ದಂಪತಿ ಸಸ್ಯಾಹಾರಕ್ಕೆ ತಿರುಗಿದರೆಂದು ವಾರದ ಪ್ರಕಟಣೆಯಲ್ಲಿ ಸಾರಿದರು. ಹಳೆಯ ಕಾರಿಗೆ ವಿಮೆ ಕಟ್ಟಲಾಗದೆ ಮಾರಿದಾಗ, ಪಾದ್ರಿಯಮ್ಮನ ಕಣ್ಣಲ್ಲಿ ನೀರು ಬಂತು. ಕೆಟಲಿನಲ್ಲಿ ಕಾಯಿಸಿದ ನೀರಿನಿಂದಲೇ ಮೈ ಒರೆಸಿಕೊಳ್ಳುತ್ತಿದ್ದಾರೆಂದು ತಿಳಿದಾಗ, ನೀರಿನ ಉಳಿತಾಯದ ಬಗ್ಗೆ ನಾಲ್ಕು ಮಾತಾಡಿ ಎಂದು ಚರ್ಚಿನ ತಾಯಂದಿರ ಸಂಘದವರು ವಿಲ್ಫ್‌ನನ್ನು ಕರೆದರು. ಅವನು ಹೋಗಿ ಮಾತಾಡಿದ. ಚೆನ್ನಾಗಿಯೇ ಮಾತಾಡಿದ ಎನ್ನುವುದು ಇಲ್ಲಿಯ ದುರಂತ. ಹಿಂದೆಂದೂ ಬಾಯಿ ಬಿಡದವನ ಬಾಯಲ್ಲಿ ‘ನಮ್ಮ ಮುಂದಿನ ಪೀಳಿಗೆ’, ‘ಅತಿಯಾಸೆ’ ಮುಂತಾದ ಪದಗಳು ಸರಾಗವಾಗಿ ಹೊರಟವು. ಪುಸ್ತಕ ತೆಗೆದುಕೊಳ್ಳುವವರು ಈಗ ಅವನ ಮುಖ ನೋಡುತ್ತಿದ್ದರು, ಕೈ ಕುಲುಕುತ್ತಿದ್ದರು, ಕೆಲವರು ಕೈ ಬಿಡುತ್ತಲೇ ಇರಲಿಲ್ಲ.

“ಎಷ್ಟು ತಣ್ಣಗಿದೆ ನಿಮ್ಮ ಕೈ,” ಎನ್ನುತ್ತಿದ್ದರು ಭಕ್ತಿಯಿಂದ.

ಮನೆಯಲ್ಲಿ ಡೋರೀನ್ ಕೇಳಿದಳು: “ಇದು ಎಲ್ಲೀವರೆಗೆ?”

“ಚಿನ್ನ ಬರೋವರೆಗೆ. ಆಮೇಲೆ ಮೆಲ್ಲಗೆ ಏನಾದ್ರೂ ಮಾಡೋಣ.”

“ಚಿನ್ನ ಯಾರಿಗೆ ಬರೋದು?”

“ಚರ್ಚಿಗೆ.”

“ಹಾಗಾದ್ರೆ ಚಳಿ ನನಗ್ಯಾಕೆ?”

ಈ ಪ್ರಶ್ನೆಗೆ ವಿಲ್ಫ್ ಉತ್ತರ ಕೊಡಲಿಲ್ಲ. ತಾಯಂದಿರ ಸಂಘದಲ್ಲಾಗಿದ್ದರೆ ಕೊಡುತ್ತಿದ್ದ.

ಜನವರಿಯಲ್ಲಿ ಡೋರೀನ್‌ಳ ಎದೆಯಲ್ಲಿ ಕಫ ಕಟ್ಟಿತು. ಅವಳು ಗಂಡನಿಗೆ ಹೇಳದೆ ತಮ್ಮನಿಗೆ ಫೋನು ಮಾಡಿದಳು. ಕೆನ್ ಮೊದಲು ನಕ್ಕ, ಸಾಕಷ್ಟು ಹೊತ್ತು ನಕ್ಕ, ಆಮೇಲೆ ಅಕ್ಕನ ಕೆಮ್ಮು ಕೇಳಿ ಸುಮ್ಮನಾದ. ಬೆರಿಲ್ ಸಟ್‌ಕ್ಲಿಫ್ ಮನೆಯಲ್ಲಿ ಗ್ಯಾಸಿನ ಬಾಯ್ಲರು ತೆಗೆಸಿ, ಹೊರಗಿನ ಗಾಳಿಯಿಂದ ಶಾಖ ಹೀರುವ ಹೊಸ ಯಂತ್ರ ಕೂರಿಸುತ್ತಿದ್ದಾರೆ, ಬಿಚ್ಚುವ ಕೆಲಸ ನನ್ನದೇ, ಬಾಯ್ಲರು ಇನ್ನೂ ಗಟ್ಟಿಮುಟ್ಟಾಗಿದೆ, ಕೇಳಿ ತರುತ್ತೇನೆ ಎಂದ. ಬೆರಿಲ್ ಧಾರಾಳವಾಗಿ ತಗೊಂಡು ಹೋಗು ಎಂದಳಂತೆ.

ಕೆನ್ ಅದನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದ ದಿನ, ಹೇಳದೆ ಕೇಳದೆ ಆರ್ಚ್‌ಡೀಕನ್ ಬಂದು ಕೂತಿದ್ದರು. ಪಾದ್ರಿಗಳಿಗೆಲ್ಲ ಮೇಲಿನ ಪಾದ್ರಿ, ಪಿಯರ್ಸ್ ಲಾಂಗ್‌ಡೆನ್ ಅಂತ ಹೆಸರು, ಚಿನ್ನ ಕೊಡುವುದು ಬಿಡುವುದು ಅವರ ಕೈಯಲ್ಲಿ. ಜೊತೆಗೆ ಪಾದ್ರಿಯಮ್ಮ. ಆರ್ಚ್‌ಡೀಕನ್ನರು ಕೋಟು, ಮಫ್ಲರು, ಕೈಗವಸುಗಳ ಸಮೇತ ಸೋಫಾದಲ್ಲಿ ಕೂತು, ಮೇಜಿನ ಮೇಲೆ ಉಷ್ಣಮಾಪಕ ಇಟ್ಟು, ಅದರ ಪಾದರಸ ಇಳಿಯುವುದನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು.

“ಇಂಥ ಮನೆ ನಾನು ನೋಡಿಲ್ಲ,” ಎಂದರು. “ಹೊರಗಡೆಗಿಂತ ಒಳಗೇ ತಣ್ಣಗಿದೆ. ಹೇಗೆ ಸಾಧಿಸಿದ್ರಿ?”

ಅಷ್ಟರಲ್ಲಿ ಮುಂಬಾಗಿಲು ದಡಾರನೆ ತೆರೆಯಿತು. ಕೆನ್ ಬಾಯ್ಲರನ್ನು ಮಗುವಿನಂತೆ ಅಪ್ಪಿಕೊಂಡು ಹೊಸ್ತಿಲ ಮೇಲೆ ನಿಂತಿದ್ದ.

“ವಿಲ್ಫ್, ಬಾಗಿಲು ಹಿಡ್ಕೊಳೋ ಮಾರಾಯ. ಬಾಯ್ಲರು.”

“ಬಾಯ್ಲರಾ?” ಎಂದರು ಆರ್ಚ್‌ಡೀಕನ್. ಪಾದ್ರಿಯಮ್ಮನ ಮುಖ ಬಿಳಿಚಿಕೊಂಡಿತು.

ವಿಲ್ಫ್ ಎದ್ದುನಿಂತ. “ನನ್ನ ಭಾವಮೈದ,” ಎಂದ. “ಬಾಯ್ಲರು ತಗೊಂಡು ಹೋಗೋಕೆ ಬಂದಿದ್ದಾನೆ.”

“ತಗೊಂಡು ಹೋಗೋಕಾ?” ಎಂದ ಕೆನ್.

“ಹೌದು. ಇನ್ನು ಅದು ಮನೇಲಿ ಇರೋದೇ ಬೇಡ ಅಂತ ತೀರ್ಮಾನ ಮಾಡಿದ್ವಲ್ಲ. ತಗೊಂಡು ಹೋಗು, ಕೆನ್.”

ಕೆನ್ ಅಕ್ಕನ ಕಡೆ ನೋಡಿದ. ಡೋರೀನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೆಮ್ಮು ತಡೆದುಕೊಳ್ಳಲು ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದರಿಂದ ಅವಳಿಂದ ಯಾವ ಉತ್ತರವೂ ಬರಲಿಲ್ಲ. ಬಾಯ್ಲರು ಭಾರವಾಗಿತ್ತು, ಹೆಚ್ಚು ಹೊತ್ತು ಹಿಡಿದು ನಿಲ್ಲುವಂತಿರಲಿಲ್ಲ. ಕೆನ್‌ನ ಮುಖ ಮನೆಯ ಒಳಗಡೆಗೆ ಇತ್ತಾದ್ದರಿಂದ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೊರಟ. ಒಳಗಿನಿಂದ ಹೊತ್ತು ತಂದವನು ಹೋಗುವುದಾದರೂ ಹಾಗೆಯೇ ಅಲ್ಲವೇ ಎಂದು ನೋಡಿದವರಿಗೆ ಅನ್ನಿಸಿರಬೇಕು.

“ಆಯ್ತು ಸ್ವಾಮಿ,” ಎಂದ ಹೋಗುತ್ತ. “ನೀನು ಹೇಳಿದ ಹಾಗೇ.”

ಆರ್ಚ್‌ಡೀಕನ್ನರು ಕೈಗವಸು ತೆಗೆದು ಕಣ್ಣೊರೆಸಿಕೊಂಡು, ಚಳಿಯಾಗಿ ಮತ್ತೆ ಹಾಕಿಕೊಂಡರು. ಪಾದ್ರಿಯಮ್ಮ ವ್ಯಾನಿನವರೆಗೆ ಓಡಿಹೋಗಿ ಕೆನ್‌ನ ಮೊಣಕೈ ಹಿಡಿದರು.

“ಇದನ್ನ ಗುಜರಿಗೆ ಹಾಕ್ತೀರಾ? ಚೆನ್ನಾಗಿರೋದನ್ನ ಎಸೆಯೋದು ಭೂಮಿಗೆ ಒಳ್ಳೇದಲ್ಲ. ನಮ್ಮ ಪಾದ್ರಿಮನೆಯದು ಕ್ರಿಸ್ಮಸ್ಸಿಂದ ಏನೋ ಸದ್ದು ಮಾಡ್ತಾ ಇದೆ.”

ಹೀಗೆ ವಿಲ್ಫ್‌ಗೆಂದು ಬಂದ ಬಾಯ್ಲರು ಆ ಸಂಜೆಯೇ ಪಾದ್ರಿಯಮ್ಮನ ಮನೆಯ ಗೋಡೆ ಏರಿತು. ಮರುಬಳಕೆಯ ಬಾಬಿನಲ್ಲಿ ಚರ್ಚಿಗೆ ಇನ್ನಷ್ಟು ಅಂಕ ಸೇರಿತು.

ಬಂದವರೆಲ್ಲ ಹೋದ ಮೇಲೆ ಡೋರೀನ್ ಕೆಮ್ಮಿದಳು. ಕೂಡಿಟ್ಟುಕೊಂಡದ್ದನ್ನೆಲ್ಲ ಕೆಮ್ಮಿದಳು. ಮುಗಿದ ಮೇಲೆ, “ಅದು ಹೊಸ್ತಿಲು ದಾಟಿತ್ತು, ವಿಲ್ಫ್,” ಎಂದಳು. “ನಾನು ನೋಡ್ದೆ. ಕೆನ್‌ದು ಒಂದು ಕಾಲು ಒಳಗಿತ್ತು.”

ಚಿನ್ನ ಬಂತು. ಮಾರ್ಚಿನ ಒಂದು ಭಾನುವಾರ ಪ್ರದಾನ ಸಮಾರಂಭ. ಆರ್ಚ್‌ಡೀಕನ್ನರಿಗೆ ನೆಗಡಿ ಎಂದು ಪಾದ್ರಿಯಮ್ಮ ಹಿಂದಿನ ದಿನದಿಂದಲೇ ಚರ್ಚಿನ ಹೀಟಿಂಗ್ ಪೂರ್ತಿ ಏರಿಸಿದ್ದರು. ಕಲ್ಲಿನ ಕಂಬಗಳು ಕೂಡ ಬೆವರುವಂತಿದ್ದವು. ಮುಂದಿನ ಸಾಲಿನಲ್ಲಿ, ರೇಡಿಯೇಟರಿನ ಪಕ್ಕದಲ್ಲೇ, ಅಂಬ್ಲರ್ ದಂಪತಿಗೆ ಜಾಗ. ಡೋರೀನ್ ಕೋಟು ಬಿಚ್ಚಿದಳು. ಒಂದು ಸ್ವೆಟರ್ ಬಿಚ್ಚಿದಳು, ಅದರೊಳಗಿನ ಇನ್ನೊಂದನ್ನೂ ಬಿಚ್ಚಿದಳು. ಆ ಚಳಿಗಾಲದಲ್ಲಿ ಮೊದಲ ಸಲ ತನ್ನ ಮೊಣಕೈಗಳನ್ನು ನೋಡಿಕೊಂಡಂತೆ ಅವನ್ನೇ ನೋಡುತ್ತ ಕೂತಳು.

ವಿಲ್ಫ್‌ಗೆ ಹಳೆಯ ಬೆಂಚಿನ ಮರದಲ್ಲಿ ಕೆತ್ತಿದ ಫಲಕ ಕೊಟ್ಟರು. ಅವನು ಅತಿಯಾಸೆಯ ಬಗ್ಗೆ ಮಾತಾಡಿದ. ಚಪ್ಪಾಳೆ ಬಿತ್ತು. ಆಮೇಲೆ ಪಾದ್ರಿಯಮ್ಮ, “ಈ ತ್ಯಾಗದಲ್ಲಿ ಅರ್ಧ ಪಾಲು ಡೋರೀನ್‌ರದ್ದು. ಎರಡು ಮಾತು ಹೇಳಿ ಡೋರೀನ್,” ಎಂದರು.

ಡೋರೀನ್ ಎದ್ದಳು. ಮೈಕು ಬೇಡವೆಂದಳು.

“ನಾವು ಹೀಟಿಂಗ್ ನಿಲ್ಸಿಲ್ಲ,” ಎಂದಳು. “ಬಾಯ್ಲರು ಕೆಟ್ಟುಹೋಯ್ತು. ಹೊಸದಕ್ಕೆ ದುಡ್ಡಿಲ್ಲ. ಮಾಂಸಕ್ಕೂ ಇಲ್ಲ, ಕಾರಿಗೂ ಇಲ್ಲ. ನನಗೆ ಭೂಮಿ ಮೇಲೆ ಏನೂ ಸಿಟ್ಟಿಲ್ಲ, ಆದ್ರೆ ಚಳಿ ಆಗುತ್ತೆ. ಅಷ್ಟೆ.”

ಎಲ್ಲಿಯೋ ಒಬ್ಬರು ನಕ್ಕರು. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಆರ್ಚ್‌ಡೀಕನ್ನರು ಮೂಗೊರೆಸಿಕೊಳ್ಳುತ್ತ ನಕ್ಕರು. ಯಾರ್ಕ್‌ಶೈರಿನ ಹೆಂಗಸರ ತಮಾಷೆ ಎಂದರೆ ಹೀಗೇ, ಮುಖದಲ್ಲಿ ಒಂದು ಗೆರೆ ಕೂಡ ಅಲುಗಾಡುವುದಿಲ್ಲ ಎಂದು ಪಕ್ಕದವರಿಗೆ ಹೇಳಿದರು. ಪಾದ್ರಿಯಮ್ಮ ಮಾತ್ರ ನಗುವ ಮೊದಲು ವಿಲ್ಫ್‌ನ ಕಡೆ ತಿರುಗಿದರು.

“ತಮಾಷೆ ಅಲ್ವಾ, ವಿಲ್ಫ್?”

ಇಡೀ ಚರ್ಚು ಅವನನ್ನು ನೋಡುತ್ತಿತ್ತು. ಡೋರೀನ್‌ಳೂ ನೋಡುತ್ತಿದ್ದಳು. ಫಲಕ ಅವನ ತೊಡೆಯ ಮೇಲಿತ್ತು.

“ಅವಳು ಯಾವಾಗ್ಲೂ ಹೀಗೇ,” ಎಂದ ವಿಲ್ಫ್.

ಈ ಸಲದ ಚಪ್ಪಾಳೆ ಫಲಕಕ್ಕೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಡೋರೀನ್ ಕೂತುಕೊಳ್ಳಲಿಲ್ಲ. ಸ್ವೆಟರುಗಳನ್ನು ಒಂದೊಂದಾಗಿ ಹಾಕಿಕೊಂಡು, ಕೋಟಿನ ಗುಂಡಿಗಳನ್ನೆಲ್ಲ ಹಾಕಿ, ನಡುವಿನ ದಾರಿಯಲ್ಲಿ ನಡೆದು ಹೊರಗೆ ಹೋದಳು. ಕಾಫಿ ಸಿದ್ಧಮಾಡಲು ಹೋದರೇನೋ ಎಂದು ಒಂದಿಬ್ಬರು ಅಂದುಕೊಂಡರು. ಅವಳು ಹೋದದ್ದು ಕೆನ್‌ನ ಮನೆಗೆ. ಅಲ್ಲಿಂದ ಬರಲಿಲ್ಲ.

ಚಿನ್ನ ಸಿಕ್ಕ ಚರ್ಚಿಗೆ ಒಂದು ಕರ್ತವ್ಯವೂ ಅಂಟಿಕೊಂಡಿತ್ತು: ಬೇರೆ ಊರಿನ ಚರ್ಚಿನವರು ಮಾದರಿ ಮನೆಯನ್ನು ನೋಡಲು ಬರುತ್ತಾರೆ, ತೋರಿಸಬೇಕು. ಮುಂದಿನ ಶನಿವಾರ ಲೀಡ್ಸಿನಿಂದ ಒಂದು ಬಸ್ಸು ತುಂಬ ಜನ ಬಂದರು. ಅಂಬ್ಲರ್ ಮನೆಯ ಮುಂದೆ ಬಸ್ಸು ಇಂಜಿನು ನಿಲ್ಲಿಸದೆ ಗುರುಗುಟ್ಟುತ್ತ ನಿಂತಿತು, ಡ್ರೈವರನಿಗೆ ಚಳಿ. ಮನೆ ತೋರಿಸುವ ಭಾರವನ್ನು ಬೆರಿಲ್ ವಹಿಸಿಕೊಂಡಿದ್ದಳು. ಗ್ವಾಟೆಮಾಲಾದಿಂದ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಮುಖ ಬಿಸಿಲಿಗೆ ಕಂದಿ ಕಳೆಕಳೆಯಾಗಿತ್ತು.

“ಇದು ಕೂರುವ ಕೋಣೆ,” ಎಂದಳು. “ಮುಟ್ಟಿ ನೋಡಿ, ರೇಡಿಯೇಟರು ಮುಟ್ಟಿ ನೋಡಿ. ಅದು ಮಿಸ್ಟರ್ ಅಂಬ್ಲರ್. ಅವರನ್ನ ಪ್ರಶ್ನೆ ಕೇಳಬಹುದು.”

ಸಾಲಾಗಿ ಬಂದು ರೇಡಿಯೇಟರು ಮುಟ್ಟಿ ‘ಆಹಾ’ ಅಂದರು. ಮಲಗುವ ಕೋಣೆಯಲ್ಲಿ ಹಾಸಿಗೆಯ ಮೇಲಿನ ಕಂಬಳಿಗಳನ್ನು ಎತ್ತಿ ಎಣಿಸಿದರು. ಒಬ್ಬ ಗಂಡಸು ಸ್ನಾನದ ಮನೆಯಲ್ಲಿ ನಿಂತು ತನ್ನ ಉಸಿರಿನ ಫೋಟೊ ತೆಗೆದುಕೊಂಡ.

“ಮಿಸೆಸ್ ಅಂಬ್ಲರ್ ಕಾಣಿಸ್ತಾ ಇಲ್ಲ?” ಎಂದಳು ಉಣ್ಣೆಯ ಟೋಪಿಯ ಹೆಂಗಸೊಬ್ಬಳು.

“ಇಲ್ಲ,” ಎಂದ ವಿಲ್ಫ್. “ಹೋದ್ಲು.”

“ಊರಿಗಾ? ರೈಲಲ್ಲಿ ತಾನೆ?”

“ನಡ್ಕೊಂಡು.”

“ನೋಡು,” ಎಂದಳು ಆಕೆ ಗಂಡನಿಗೆ. “ನಡ್ಕೊಂಡು ಹೋಗಿದ್ದಾರೆ. ನೀನೂ ಇದ್ದೀಯ.”

ಅಂದು ಬೆಳಿಗ್ಗೆ ಎದ್ದು ವಿಲ್ಫ್ ಒಬ್ಬನಿಗಾಗುವಷ್ಟು ನೀರನ್ನು ಕೆಟಲಿಗೆ ಹಾಕಿಕೊಂಡಿದ್ದ. ಒಬ್ಬನಿಗಾಗುವಷ್ಟು ಎಂದರೆ ಎಷ್ಟು ಎಂಬುದು ಅಂದಾಜಿಗೆ ಸಿಕ್ಕದೆ ಒಂದು ವಾರದಿಂದ ದಿನವೂ ಚೆಲ್ಲುತ್ತಿದ್ದ. ಈಗ ಅವನು ಮೆಟ್ಟಿಲ ಮೇಲೆ ನಿಂತುಕೊಂಡ. ಎಲ್ಲರೂ ಭಾಷಣವೆಂದು ಹತ್ತಿರ ಬಂದರು.

“ನಿಮಗೆಲ್ಲ ಒಂದು ಮಾತು ಹೇಳ್ಬೇಕು. ನಾನು ಸುಳ್ಳು ಹೇಳಿದ್ದೀನಿ. ಬಾಯ್ಲರು ಕೆಟ್ಟಿದೆ. ರಿಪೇರಿಗೆ ಗತಿ ಇಲ್ಲ. ಹಾಗಂತ ಹೇಳ್ಕೊಳೋಕೆ ನಾಚಿಕೆ ಆಯ್ತು. ನನ್ನ ಹೆಂಡ್ತಿ ನಿಜ ಹೇಳಿದ್ಲು, ಚರ್ಚಿನ ತುಂಬ ಜನರ ಎದುರಿಗೆ ಅವಳನ್ನೇ ಸುಳ್ಳುಗಾತಿ ಮಾಡ್ದೆ. ಬಿಟ್ಟು ಹೋದ್ಲು. ಇಲ್ಲಿ ನೋಡೋಕೆ ಏನೂ ಇಲ್ಲ. ಇದು ಬಡವರ ಮನೆ, ಅಷ್ಟೆ.”

ಲೀಡ್ಸಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಉಣ್ಣೆಯ ಟೋಪಿಯ ಹೆಂಗಸು ಮೆಲ್ಲಗೆ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು.

“ಎಂಥ ವಿನಯ,” ಎಂದ ಉಸಿರಿನ ಫೋಟೊ ತೆಗೆದವನು.

ವಿಲ್ಫ್ ಬೆರಿಲ್‌ಳ ಕಡೆ ತಿರುಗಿದ. “ನೀವಾದ್ರೂ ಹೇಳಿ ಇವರಿಗೆ. ತಮಾಷೆ ಅಲ್ಲ ಅಂತ ಹೇಳಿ.”

ಬೆರಿಲ್ ಅವನನ್ನು ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಬಾಗಿಲು ಸ್ವಲ್ಪ ಮುಂದೆ ಮಾಡಿದಳು.

“ತಮಾಷೆ ಅಲ್ಲ ಅಂತ ನನಗೆ ಗೊತ್ತಿಲ್ವಾ, ವಿಲ್ಫ್? ಕೆನ್ ಬಾಯ್ಲರು ಕೇಳಿದಾಗ ಯಾರಿಗೆ ಅಂತ ಹೇಳಿಯೇ ಕೇಳಿದ್ದ.”

ವಿಲ್ಫ್ ತೋಳು ಬಿಡಿಸಿಕೊಂಡ. “ಜನವರಿಯಿಂದ ಗೊತ್ತಿತ್ತಾ?”

“ನಮ್ಮ ಪಾದ್ರಿ ಹಿಲರಿಗೂ ಹೇಳ್ದೆ. ಅಷ್ಟರಲ್ಲಿ ನಿಮ್ಮ ಹೆಸರು ಚಿನ್ನಕ್ಕೆ ಹೋಗಿಬಿಟ್ಟಿತ್ತು. ವಾಪಸು ತಗೊಂಡ್ರೆ ಇಡೀ ಚರ್ಚಿಗೆ ಅವಮಾನ. ಅಲ್ಲದೆ ನೀವೂ ಖುಷಿಯಾಗಿದ್ದ ಹಾಗೆ ಕಾಣ್ತಿತ್ತು. ಯಾರಿಗೂ ತೊಂದರೆ ಇಲ್ವಲ್ಲ ಅಂತ ಸುಮ್ನಾದ್ವಿ.”

“ಬಾಯ್ಲರು ಪಾದ್ರಿಮನೆಗೆ ಹೋಯ್ತಲ್ಲ, ಗೊತ್ತಿದ್ದೂ ಯಾಕೆ ಇಟ್ಕೊಂಡ್ರು?”

“ಅಷ್ಟೊತ್ತಿಗೆ ಗೋಡೆಗೆ ಕೂರಿಸಿ ಆಗಿತ್ತಲ್ಲ,” ಎಂದಳು ಬೆರಿಲ್, ತುಂಬ ಸಮಾಧಾನದಿಂದ. “ಅದನ್ನ ಮತ್ತೆ ಬಿಚ್ಚೋದು ಅಂದ್ರೆ ದಂಡ. ಬನ್ನಿ ಈಗ, ಪಾಪ ಅಷ್ಟು ದೂರದಿಂದ ಬಂದಿದ್ದಾರೆ. ಕಂಬಳಿ ಎಲ್ಲಿ ಕೊಂಡ್ರಿ ಅಂತ ಕೇಳ್ತಿದ್ದಾರೆ.”

ವಿಲ್ಫ್ ಹಿಂಬಾಗಿಲಿನಿಂದಲ್ಲ, ಮುಂಬಾಗಿಲಿನಿಂದಲೇ, ಲೀಡ್ಸಿನವರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ. ಅವರು ಗೌರವದಿಂದ ಸರಿದು ಜಾಗ ಬಿಟ್ಟರು.

ಕೆನ್‌ನ ಮನೆ ದಿಬ್ಬದ ಮೇಲೆ. ಬಾಗಿಲು ತೆರೆದದ್ದು ಡೋರೀನ್. ತೆಳ್ಳನೆಯ ಅಂಗಿ ಹಾಕಿದ್ದಳು, ತೋಳು ಬರಿದಾಗಿತ್ತು, ಕೆನ್ನೆಗೆ ಬಣ್ಣ ಬಂದಿತ್ತು. ಅವಳ ಹಿಂದಿನಿಂದ ಬೆಚ್ಚನೆಯ ಗಾಳಿ ಬಂದು ವಿಲ್ಫ್‌ನ ಮುಖಕ್ಕೆ ತಾಗಿತು.

“ಹೇಳ್ಬಿಟ್ಟೆ,” ಎಂದ.

“ಯಾರಿಗೆ?”

“ಲೀಡ್ಸಿನೋರಿಗೆ.”

“ಏನಂದ್ರು?”

“ಚಪ್ಪಾಳೆ ತಟ್ಟಿದ್ರು.”

ಡೋರೀನ್ ನಗಲಿಲ್ಲ. ಬಾಗಿಲಿನಿಂದ ಸರಿಯಲೂ ಇಲ್ಲ.

“ಅವತ್ತು ಚರ್ಚಲ್ಲಿ ನಾನು ನಿಂತಿದ್ನಲ್ಲ,” ಎಂದಳು. “ನೀನು ‘ಹೌದು’ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಯಾಕೆ ಹೇಳ್ಲಿಲ್ಲ?”

ವಿಲ್ಫ್ ತಾಯಂದಿರ ಸಂಘದ ಪದಗಳನ್ನೆಲ್ಲ ಹುಡುಕಿದ. ಒಂದೂ ಸಿಗಲಿಲ್ಲ.

“ಎಲ್ರೂ ನನ್ನನ್ನ ನೋಡ್ತಾ ಇದ್ರು, ಡೋರೀನ್. ಇಷ್ಟು ವರ್ಷದಲ್ಲಿ ಆ ಚರ್ಚಲ್ಲಿ ಯಾರೂ ನೋಡಿರ್ಲಿಲ್ಲ.”

“ನಾನು ದಿನಾ ನೋಡ್ತಿದ್ನಲ್ಲ.”

ಒಳಗಿನಿಂದ ಕೆನ್ ಕೂಗಿದ: “ಒಳಗೋ ಹೊರಗೋ ಬೇಗ ತೀರ್ಮಾನ ಮಾಡ್ಕೊಳ್ಳಿ. ನಾನು ಗ್ಯಾಸ್ ಉರಿಸ್ತಿರೋದು ಬೀದಿ ಬೆಚ್ಚಗೆ ಮಾಡೋಕಲ್ಲ.”

ಡೋರೀನ್ ಪಕ್ಕಕ್ಕೆ ಸರಿದಳು. ಪೂರ್ತಿಯಲ್ಲ, ಒಬ್ಬ ಮನುಷ್ಯ ಅಡ್ಡಡ್ಡ ತೂರಿಕೊಂಡು ಬರಬಹುದಾದಷ್ಟು. “ಕಾಲು ಒರೆಸ್ಕೊಂಡು ಬಾ,” ಎಂದಳು. “ಇದ್ದುಬಿಡು ಅಂತ ಹೇಳ್ತಿಲ್ಲ. ಟೀ ಕುಡಿ.”

ಕೆನ್ ಕೊಟ್ಟದ್ದು ಸೂಪರ್‌ಮಾರ್ಕೆಟ್ಟಿನ ಅತಿ ಕೆಳಗಿನ ಸಾಲಿನ ಟೀ. ಅದನ್ನು ಬೆಳೆದವನಿಗೆ ಏನು ಸಿಕ್ಕಿತ್ತೋ ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ವಿಲ್ಫ್ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತ. ಬೆರಳುಗಳಿಗೆ ರಕ್ತ ಮರಳುವಾಗ ಎಷ್ಟು ನೋಯುತ್ತದೆ ಎಂದು ಅವನಿಗೆ ಆಗ ಗೊತ್ತಾಯಿತು. ಡೋರೀನ್ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಳ್ಳಲಿಲ್ಲ, ದೂರಕ್ಕೂ ಸರಿಸಲಿಲ್ಲ.

ಟೀ ಮುಗಿಯುವ ಮೊದಲೇ ಫೋನು ಬಂತು. ಕೆನ್ ಕೇಳಿಸಿಕೊಂಡು, ಮೂತಿ ಸೊಟ್ಟ ಮಾಡಿ, ವಿಲ್ಫ್‌ನ ಕೈಗೆ ಕೊಟ್ಟ. ಪಾದ್ರಿಯಮ್ಮ.

“ವಿಲ್ಫ್, ನೀವು ಹೀಗೆ ಎದ್ದು ಹೋದ್ರಂತೆ. ಬೆರಿಲ್ ಹೇಳಿದ್ರು. ನಿಮಗೋಸ್ಕರ, ಡೋರೀನ್‌ಗೋಸ್ಕರ ಪ್ರಾರ್ಥನೆ ಮಾಡ್ತೀನಿ.” ಒಂದು ಉಸಿರಿನಷ್ಟು ನಿಲ್ಲಿಸಿ ಮತ್ತೆ ಹೇಳಿದರು: “ಮುಂದಿನ ಶನಿವಾರ ಬ್ರಾಡ್‌ಫೋರ್ಡಿನವರು ಬರ್ತಿದ್ದಾರೆ. ನೀವಿಲ್ಲದಿದ್ರೂ ಪರವಾಗಿಲ್ಲ. ಕೀ ಯಾರ ಹತ್ರ ಇರುತ್ತೆ?”

ವಿಲ್ಫ್ ಹೆಂಡತಿಯ ಕಡೆ ನೋಡಿದ. ಅವ‌ಳು ಕಿಟಕಿಯ ಕಡೆ ನೋಡುತ್ತಿದ್ದಳು.

“ಕೀ ಬೇಡ, ಹಿಲರಿಯವರೇ,” ಎಂದ. “ಬಾಗಿಲು ತೆಗೆದೇ ಬಂದಿದ್ದೀನಿ. ಅಷ್ಟೊತ್ತಿಗೆ ಮನೆ ಇನ್ನೂ ಚೆನ್ನಾಗಿ ತಣ್ಣಗಾಗಿರುತ್ತೆ.”